ಕದಲದ ಚುಕ್ಕೆಗಳು

ತಿಂಗಳುಗಳ ಪಟ್ಟಿಯ ಮೇಲಿನ ಗುಂಡಿಯನ್ನು ಅವಳು ಬಲಕ್ಕೆ ಎಳೆದ ಹಾಗೆ ಕಂಪ್ಯೂಟರ್ ಪರದೆಯ ಗುಲಾಬಿ ಚುಕ್ಕೆಗಳು ಹೊರಟವು. ಒಂದೊಂದು ಚುಕ್ಕೆಯೂ ಅವಳು ಕೆಲಸ ಮಾಡುವ ಅಂಗಡಿಯ ಒಬ್ಬೊಬ್ಬ ಗಿರಾಕಿ. ಯಾರು ಏನೇನು ಕೊಂಡರೆಂದು ನೋಡಿ ಸಾಫ್ಟ್‌ವೇರ್ ಅವರನ್ನೆಲ್ಲ ಗುಂಪು ಮಾಡಿ ಬಣ್ಣ ಬಳಿದಿತ್ತು. ಗುಲಾಬಿಯವರು ಡೈಪರ್, ಮಕ್ಕಳ ಆಹಾರದ ಪುಡಿ ಕೊಳ್ಳುವವರು. ಮಗು ಬೆಳೆದಂತೆ ಚುಕ್ಕೆಯೂ ಜರುಗಿ ಬಿಸ್ಕತ್ತು, ಬಣ್ಣದ ಪೆನ್ಸಿಲ್ಲಿನ ಹಸಿರು ಗುಂಪಿಗೆ ಸೇರಬೇಕು. ಸೇರುತ್ತಲೂ ಇದ್ದವು. ಎಡಮೂಲೆಯ ಒಂದು ಹಿಡಿಯಷ್ಟು ಮಾತ್ರ ಕೂತಲ್ಲಿಂದ ಕದಲಲಿಲ್ಲ.

ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಎರಡು ವರ್ಷವಾದರೂ ಅದೇ ಪುಡಿ ತಿನ್ನುವ ಮಗು ಎಲ್ಲಾದರೂ ಉಂಟೆ? ಒಂದು ಚುಕ್ಕೆಯನ್ನು ಒತ್ತಿ ನೋಡಿದಳು. ಡೈಪರ್, ಪುಡಿ, ಹಾಸಿಗೆಗೆ ಹಾಸುವ ರಬ್ಬರ್ ಶೀಟು, ಬೆನ್ನಿನ ಹುಣ್ಣಿಗೆ ಮುಲಾಮು. ಇನ್ನೊಂದನ್ನು ಒತ್ತಬೇಕಾಗಲಿಲ್ಲ. ಅದೇ ಪುಡಿಯನ್ನು ಹಾಲಿನಲ್ಲಿ ಕದಡಿ, ಬೆಳಗ್ಗೆಯಷ್ಟೇ ಹಾಸಿಗೆ ಹಿಡಿದ ಅಪ್ಪನಿಗೆ ಚಮಚದಲ್ಲಿ ಕುಡಿಸಿ ಬಂದಿದ್ದಳು. ಡೈಪರ್ ಎಂದರೆ ಡೈಪರ್. ಅದು ಯಾರ ಅಳತೆಯದೆಂದು ಸಾಫ್ಟ್‌ವೇರಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಗುಲಾಬಿ ಗುಂಪಿನವರೆಲ್ಲರ ಫೋನಿಗೂ ಸಂದೇಶ ಹೋಗುವುದಿತ್ತು: ನಿಮ್ಮ ಪುಟ್ಟ ಕಂದನ ಮೊದಲ ಹೆಜ್ಜೆಗೆ ನಮ್ಮ ಉಡುಗೊರೆ.

ಮ್ಯಾನೇಜರಿಗೆ ತೋರಿಸಿದರೆ ಆತ ಪರದೆಗಿಂತ ಮೊದಲು ಗಡಿಯಾರ ನೋಡಿದ. ಐದೇ ಗುಂಪು ಎಂದು ಮೇಲಿನವರಿಗೆ ಹೇಳಿಯಾಗಿದೆ, ಇರುವುದೇ ಒಂದು ಹಿಡಿ ಜನ, ತಪ್ಪಿ ಬಂದಿದ್ದನ್ನು ಅಳಿಸಿ ಹಾಕುತ್ತಾರೆ ಬಿಡು ಎಂದ.

“ಅಳಿಸ್ತಾರೆ ಸರ್. ಓದಿದ ಮೇಲೆ ತಾನೆ ಅಳಿಸೋದು?”

“ಅಲ್ಲಮ್ಮ, ನೀನ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ?”

“ಆ ಹಿಡಿಯೊಳಗೆ ನಾನೂ ಇದೀನಿ.”

ಆತ ಕೆನ್ನೆ ಕೆರೆದುಕೊಂಡ. ಬೇರೆ ಮಾಡುವುದಾದರೆ ಇವತ್ತೇ, ಅವಳೇ ಕೂತು ಮಾಡಬೇಕು. ಅಲ್ಲಿಯವರೆಗೆ ಸಂದೇಶ ತಡೆದಿರುತ್ತೇನೆ ಎಂದ.

ಅಪ್ಪನನ್ನು ನೋಡಿಕೊಳ್ಳುವ ಹೆಂಗಸಿಗೆ ಫೋನು ಮಾಡಿ, ತಾನು ಬರುವವರೆಗೆ ಇರಲು ಕೇಳಿದಳು. ಈ ವಾರ ಇದು ಎರಡನೇ ಸಲ, ತನಗೂ ಮನೆ ಮಠ ಇದೆ ಎಂದು ಆಕೆ ಸಾಕಷ್ಟು ಗೊಣಗಿದಳು.

“ಇರ್ತೀನಿ, ಬನ್ನಿ ಅಕ್ಕ. ಇದ್ದೇನು ಬಂತು? ನಿಮ್ಮಪ್ಪ ನನ್ನ ಕೈಲಿ ತಿನ್ನಲ್ಲ. ಬಾಯಿ ಬಿಗಿಹಿಡ್ಕೊಂಡು ಬಾಗಿಲನ್ನೇ ನೋಡ್ತಾರೆ.”

ಫೋನು ಕೆಳಗಿಟ್ಟು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕೊಂಡ ಸಾಮಾನಿಗೆಲ್ಲ ಅಳತೆ ಸೇರಿಸಿ, ಗುಂಪುಗಳನ್ನು ಮೊದಲಿನಿಂದ ಕಟ್ಟಿಸಿದಳು. ಮೂಲೆಯ ಹಿಡಿ ಬೇರೆಯಾಗಿ ಬೂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಸುತ್ತಲಿನ ಕುರ್ಚಿಗಳು ಖಾಲಿಯಾಗಿದ್ದವು.

ಮ್ಯಾನೇಜರ್ ಬಂದು ಹಿಂದೆ ನಿಂತ. “ಇವರಿಗೇನು ಕಳಿಸೋಣ ಮತ್ತೆ?”

“ಏನೂ ಬೇಡ ಸರ್. ಸಾಮಾನು ಹೇಳಿದ ಹೊತ್ತಿಗೆ ತಲುಪಿದ್ರೆ ಸಾಕು.”

ಅವಳು ಎದ್ದಳು. ಆ ಕುರ್ಚಿಯಲ್ಲಿ ಆತ ಕೂತು, ಗುಂಡಿಯನ್ನು ತಾನೇ ಬಲಕ್ಕೆ ಎಳೆಯತೊಡಗಿದ. ಬೂದು ಚುಕ್ಕೆಗಳು ಕದಲಲಿಲ್ಲ. ಕೊಳ್ಳುವುದು ನಿಂತ ತಿಂಗಳಿಗೆ ನಡುವಿನದೊಂದು ಆರಿಹೋಯಿತು. ಎರಡು ತಿಂಗಳು ದಾಟಿದ ಮೇಲೆ ಇನ್ನೊಂದು.

“ಇವು ಯಾವ ಗುಂಪಿಗೆ ಹೋದ್ವು?”

ಚೀಲದ ಜಿಪ್ಪು ಎಳೆಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಆತ ಆ ಕೈಯನ್ನು ನೋಡಿದ. ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆಳೆದ. ಆರಿದ ಚುಕ್ಕೆಗಳು ಒಂದೊಂದಾಗಿ ಹೊತ್ತಿಕೊಂಡವು.