ಗೋಡೆಯಾಚೆಯ ತಿಮಿಂಗಿಲ

ಮತ್ತೆ ಅದೇ ಚಕ್ರ, ಪರದೆಯ ಮೇಲೆ ಸುತ್ತುತ್ತಲೇ ಇದೆ, ಹುಡುಕಲಾಗುತ್ತಿದೆ, ಹುಡುಕಲಾಗುತ್ತಿದೆ — ಏನನ್ನು ಹುಡುಕುತ್ತೀಯೋ ಮಹರಾಯ, ಮಗು ಎದುರಿಗೇ ಕೂತಿದೆಯಲ್ಲ, ಎರಡೂ ಕಿವಿಗೆ ಶ್ರವಣಯಂತ್ರ ಇದೆಯಲ್ಲ, ಎಂದು ಚಂದ್ರಮತಿ ಮಿಸ್ ಹೊಸ ಲ್ಯಾಪ್‌ಟಾಪಿನ ಮೇಲೆ ಹಲ್ಲು ಕಡಿದಳು. ಬ್ಲೂಟೂತ್ ಆರಿಸಿದ್ದಾಯಿತು, ಹಾಕಿದ್ದಾಯಿತು, ಲ್ಯಾಪ್‌ಟಾಪನ್ನೇ ಮಲಗಿಸಿ ಎಬ್ಬಿಸಿದ್ದಾಯಿತು, ಮೂರನೇ ಕ್ಲಾಸಿನ ಮಕ್ಕಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದಾರೆ, ಇವತ್ತು ಕೇಳಿ ಬರೆಯುವ ಪರೀಕ್ಷೆ, ಪ್ರಿನ್ಸಿಪಾಲ್ ಜಾನಕಮ್ಮನವರೇ ಬರುತ್ತಾರೆ, ಬಂದು ಈ ಯಂತ್ರದ ಹುಡುಗಿ ತನುಶ್ರೀಯನ್ನೇ ನೋಡುತ್ತಾರೆ — ಅವಳಿಗೆ ಕೇಳಿಸಲ್ಲ ಅಂತಾದ್ರೆ ಸುಮ್ನೆ ಯಾಕ್ರೀ, ನುಂಗಂಬಾಕ್ಕಂನಲ್ಲಿ ಅಂಥ ಮಕ್ಕಳ ಸ್ಕೂಲೇ ಇದೆಯಲ್ಲ, ಅಂದಿದ್ದರು ಮೊನ್ನೆ — ಅಂಥ ಮಕ್ಕಳಂತೆ, ಗೇಟಿನ ಹತ್ತಿರ ಹುಡುಗಿಯ ತಾಯಿ ಕೈ ಹಿಡಿದು, ಇವಳು ಇಲ್ಲೇ ಇರ್ಲಿ ಮೇಡಂ, ಸ್ನೇಹಿತರೆಲ್ಲ ಇಲ್ಲೇ ಇದಾರೆ, ಎಂದಿದ್ದಳು, ಈ ಹಾಳು ಚಕ್ರ ನಿಂತು ಲ್ಯಾಪ್‌ಟಾಪಿನ ಪಾಠದ ಧ್ವನಿ ನೇರ ಕಿವಿಗೆ ಹೋದರೆ ಸಾಕು, ಹುಡುಗಿ ಎಲ್ಲರಿಗಿಂತ ಮೊದಲು ಬರೆದು ಮುಗಿಸುತ್ತಾಳೆ, ಆದರೆ ಅವಳು ಯಾಕೆ ನಗುತ್ತಿದ್ದಾಳೆ, ಕ್ಲಾಸೆಲ್ಲ ಗಪ್‌ಚಿಪ್, ಒಬ್ಬಳೇ ನಗುತ್ತಿದ್ದಾಳೆ, ಅಂಗೈಯನ್ನು ಗೋಡೆಗೆ ಒತ್ತಿಕೊಂಡು. ಯಂತ್ರ ಹಾಕಿಕೊಂಡು ಬಂದ ಮೊದಲ ದಿನವೂ ಹೀಗೇ, ಬೆಂಚು ಮುಟ್ಟಿ, ಕಿಟಕಿ ಮುಟ್ಟಿ, ಕೊನೆಗೆ ಚಂದ್ರಮತಿಯ ಗಂಟಲನ್ನೇ ಮುಟ್ಟಿ, ಸದ್ದು ಯಾರ ಮನೆಯದು ಎಂದು ಹುಡುಕಿದ್ದಳು, ಆ ಪುಟ್ಟ ಬೆರಳು ಗಂಟಲಿಗೆ ತಾಕಿದ್ದು ಇನ್ನೂ ಹಾಗೇ ಇದೆ — ಈಗ ಹತ್ತಿರ ಬಗ್ಗಿ ಕೇಳಿದಳು, ಏನು ಕೇಳಿಸ್ತಿದೆ ಪುಟ್ಟಿ? — ಯಾರೋ ಪಾಡ್ರಾಂಗ ಮಿಸ್, ತಣ್ಣಿಕ್ಕುಳ್ಳೆ. ನೀರೊಳಗೆ ಯಾರೋ ಹಾಡುತ್ತಿದ್ದಾರಂತೆ, ಕನ್ನಡದಲ್ಲಿ ಕೇಳಿದರೆ ಈ ಹುಡುಗಿಯ ಉತ್ತರ ಯಾವತ್ತೂ ತಮಿಳಿನಲ್ಲೇ, ಅದಿರಲಿ, ಚೆನ್ನೈನ ಅಣ್ಣಾ ನಗರದ ಈ ಒಣ ಮಧ್ಯಾಹ್ನದಲ್ಲಿ ಯಾವ ನೀರು, ಯಾರ ಹಾಡು?

ಅಷ್ಟರಲ್ಲಿ ಪಕ್ಕದ ಎರಡನೇ ಕ್ಲಾಸಿನ ಸುಶಮೀಂದ್ರ ಸರ್ ಬಾಗಿಲಲ್ಲಿ ತಲೆ ಹಾಕಿದರು, ಚಂದ್ರಮತಿಯವರೇ, ನೀವು ನಿನ್ನೆ ಕೊಟ್ಟ ಹಳೇ ಲ್ಯಾಪ್‌ಟಾಪ್ ಕೈ ಕೊಡ್ತು ಕಣ್ರೀ, ಕಡಲಿನ ವಿಡಿಯೋ ಹಾಕಿ ಸೌಂಡ್ ಫುಲ್ ಇಟ್ಟಿದೀನಿ, ತಿಮಿಂಗಿಲ ಉಸಿರೇ ಬಿಡ್ತಿಲ್ಲ — ತಿಮಿಂಗಿಲ! ಅಯ್ಯೋ ದೇವರೇ, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ, ಹಳೇದನ್ನು ಕೊಡುವಾಗ ತನುಶ್ರೀಯ ಯಂತ್ರದ ಬ್ಲೂಟೂತ್ ನಂಟು ಬಿಡಿಸಿಯೇ ಇರಲಿಲ್ಲ, ಅವಳ ಯಂತ್ರ ಗೋಡೆಯಾಚೆಗೂ ಅದನ್ನೇ ಹಿಡಿದುಕೊಂಡಿದೆ, ಅದು ಬಿಡದೆ ಹೊಸದಕ್ಕೆ ಸಿಗುವುದಿಲ್ಲ, ಓಡಿದಳು, ಎರಡನೇ ಕ್ಲಾಸಿನ ಮಕ್ಕಳು ಬಾಯಿ ತೆರೆದು ನೋಡುತ್ತಿದ್ದಾರೆ, ಪರದೆಯ ತುಂಬ ನೀಲಿ ನೀರು, ಅಷ್ಟು ದೊಡ್ಡ ಜೀವ ಸದ್ದಿಲ್ಲದೆ ಹೊರಳುತ್ತಿದೆ, ಅದರ ಹಾಡು ಇಲ್ಲಿ ಯಾರಿಗೂ ಇಲ್ಲ, ಕಿವಿ ಚೆನ್ನಾಗಿರುವ ಒಬ್ಬರಿಗೂ ಇಲ್ಲ, ಎಲ್ಲವೂ ಗೋಡೆ ದಾಟಿ ಒಬ್ಬಳಿಗೇ ಹೋಗುತ್ತಿದೆ, ಚಂದ್ರಮತಿ ಲ್ಯಾಪ್‌ಟಾಪನ್ನು ಹಾಗೇ ಎತ್ತಿಕೊಂಡು ವರಾಂಡಕ್ಕೆ ಬಂದಳು, ಒಂದು ಗುಂಡಿ ಒತ್ತಿದರೆ ಮುಗಿಯಿತು, ನಂಟು ಬಿಡುತ್ತದೆ, ಪರೀಕ್ಷೆ ಶುರು, ಬೆರಳು ಗುಂಡಿಯ ಮೇಲೇ ಇದೆ, ಒತ್ತಲು ಮನಸ್ಸು ಬರುತ್ತಿಲ್ಲ, ಕಡಲ ತಳದ ಹಾಡನ್ನು ಅರ್ಧಕ್ಕೆ ಕತ್ತರಿಸುವುದು ಹೇಗೆ, ಜಾನಕಮ್ಮನವರ ಚಪ್ಪಲಿ ಸದ್ದು ಹತ್ತಿರ ಬರುತ್ತಿದೆ, ಏನಮ್ಮಾ, ಇನ್ನೂ ಶುರು ಮಾಡಿಲ್ವಾ, ಆ ಹುಡುಗಿಗೆ ಕೇಳಿಸ್ತಿದೆಯಾ ಇಲ್ವಾ — ತಡೀರಿ ಮೇಡಂ, ಎಂದಳು, ಪ್ರಿನ್ಸಿಪಾಲರಿಗೆ ತಡೀರಿ ಎಂದಳು ಚಂದ್ರಮತಿ, ಮೌನವಾಗಿ ಈಜುತ್ತಿದ್ದ ತಿಮಿಂಗಿಲವನ್ನು ಅವರ ಕಣ್ಣೆದುರು ಹಿಡಿದು, ಇದು ಹಾಡ್ತಿದೆ ಮೇಡಂ, ನಿಮಗೆ ಕೇಳಿಸ್ತಿದೆಯಾ? — ಇಲ್ಲವಲ್ಲ — ಅವಳಿಗೆ ಕೇಳಿಸ್ತಿದೆ, ಎಂದು ಕಿಟಕಿಯತ್ತ ತೋರಿಸಿದಳು, ಜಾನಕಮ್ಮನವರೂ ನೋಡಿದರು, ನೋಡುತ್ತಲೇ ನಿಂತರು, ಪರದೆಯಲ್ಲಿ ತಿಮಿಂಗಿಲ ಆಳಕ್ಕೆ ತಿರುಗಿತು, ಒಳಗೆ ತನುಶ್ರೀ ಕಣ್ಣು ಮುಚ್ಚಿದಳು, ಬಿಳಿ ಗೋಡೆ, ಗೋಡೆಯ ಮೇಲೆ ಅಂಗೈ, ಅಂಗೈ ಹಾಡಿನ ಜೊತೆ ಮೆಲ್ಲಗೆ ಕೆಳಗೆ ಜಾರಿತು.