ಬದನೆಕಾಯಿ ತಿನ್ನದ ಅವ್ವ

ನಮ್ಮ ಅವ್ವ ಸಾವಕ್ಕ ಬದನೆಕಾಯಿ ತಿನ್ನುವವಳಲ್ಲ. ಗರಗದ ಹೆಣ್ಣುಮಗಳು ಎಣ್ಣೆಗಾಯಿ ಮುಟ್ಟುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನಾನೂ ತಮ್ಮ ವಿನೋದನೂ ಅದನ್ನೇ ಹಿಡಿದು ಅವಳನ್ನು ಕಾಡುತ್ತಿದ್ದೆವು. ಅವಳು ನಗುತ್ತಿರಲಿಲ್ಲ. ಅದೊಂದು ಹಟ ಎಂದುಕೊಂಡೇ ನಾನು ಮೂವತ್ತು ವರ್ಷ ಕಳೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ತೊಂಬತ್ತೊಂಬತ್ತರ ಆಗಸ್ಟಿನಲ್ಲಿ ಸೂರ್ಯಗ್ರಹಣ ಬಂದಾಗ ವಿನೋದನ ಹೆಂಡತಿ ಕಾವೇರಿಗೆ ಆರು ತಿಂಗಳು. ಬಸುರಿ ಗ್ರಹಣದಲ್ಲಿ ಏನಾದರೂ ಹೆಚ್ಚಿದರೆ ಕೂಸಿನ ತುಟಿ ಸೀಳುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅವ್ವ ಕಿಟಕಿ ಮುಚ್ಚಿ, ಈಳಿಗೆ, ಚಾಕು ಎಲ್ಲ ಅಟ್ಟದ ಮೇಲಿಟ್ಟು, ಸೊಸೆಯನ್ನು ಚಾಪೆಯ ಮೇಲೆ ಮಲಗಿಸಿದಳು. ಗ್ರಹಣ ಬಿಡುವವರೆಗೂ ಅವಳ ಎರಡೂ ಕೈ ಹಿಡಿದುಕೊಂಡೇ ಕುಳಿತಳು. ನಾನು ನವನಗರದ ಶಾಲೆಯಲ್ಲಿ ಗಣಿತ ಕಲಿಸುವ ಜಾಣೆ, ನೋಡಿ ನಕ್ಕೆ.

ನವೆಂಬರಿನಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಾವೇರಿ ಹೆತ್ತಳು. ಹೆಣ್ಣು. ಮೇಲ್ದುಟಿ ಮೂಗಿನವರೆಗೆ ಸೀಳಿತ್ತು. ನೋಡಲು ಬಂದ ಊರ ಹೆಂಗಸರು, "ಏನರೆ ಹೆಚ್ಚಿದ್ದೇನವಾ?" ಎಂದು ಕೇಳಿಯೇಬಿಟ್ಟರು.

"ಅತ್ತಿ, ನೀವ ಹೇಳ್ರಿ. ನನ್ನ ಕೈ ನೀವ ಹಿಡಕೊಂಡಿದ್ರಿ," ಎಂದು ಕಾವೇರಿ ಅತ್ತಳು.

"ನಾನ ಎಲ್ಲ್ಯೋ ತೂಕಡಿಸಿ ಕೈ ಬಿಟ್ಟಿರಬೇಕು. ತಪ್ಪು ನಂದು," ಎಂದಳು ಅವ್ವ.

ಬಾಗಿಲಲ್ಲಿದ್ದ ಡಾಕ್ಟರಬಾಯಿಗೆ ಸಿಟ್ಟೇ ಬಂತು. "ಕೂಸಿನ ಮುಖ ಎರಡೂ ಕಡೆಯಿಂದ ಬೆಳಕೋತ ಬಂದು ನಡುವ ಕೂಡತೈತ್ರಿ. ಎಲ್ಲಿ, ಯಾವಾಗ ಕೂಡಬೇಕಂತ ಹೇಳೂವು ತಂದಿ-ತಾಯಿಯಿಂದ ಬಂದ ಜೀನುಗಳು. ಒಂದೊಂದು ಮನೆತನದಾಗ ಅಲ್ಲೇ ಏನೋ ತಪ್ಪತೈತಿ. ಮೂರನೇ ತಿಂಗಳು ಹತ್ತೂದರೊಳಗ ತುಟಿ ಆಗಿ ಮುಗದಿರತೈತಿ. ಆರನೇ ತಿಂಗಳದ ಗ್ರಹಣ ಏನ ಮಾಡೀತು? ನಿಮ್ಮ ಮನ್ಯಾಗ ಮೊದಲ ಯಾರಿಗರೆ ಹಿಂಗ ಇತ್ತೇನ್ರಿ?"

"ಇಲ್ಲ," ಎಂದು ನಾನೇ ಜೋರಾಗಿ ಹೇಳಿದೆ.

"ಇತ್ತು," ಎಂದಳು ಅವ್ವ. "ನಿನಗಿಂತ ಮೊದಲ ಒಂದು ಗಂಡಕೂಸು. ಗ್ರಹಣದ ದಿನ ಬದನಿಕಾಯಿ ಹೆಚ್ಚಿದ್ದೆ. ಏಳು ತಿಂಗಳಿತ್ತು ನನಗ."

ಡಾಕ್ಟರಬಾಯಿಯ ದನಿ ಮೆತ್ತಗಾಯಿತು. "ಆ ಕೂಸಿನ ತುಟೀನೂ ಅಷ್ಟೊತ್ತಿಗೆ ಆಗಿ ಮುಗದಿತ್ತವ್ವಾ. ನಿಮ್ದೇನೂ ತಪ್ಪಿಲ್ಲ."

ಅವ್ವನ ಮುಖ ಹಗುರಾಯಿತು. ಅಷ್ಟು ಹಗುರಾದ ಅವ್ವನನ್ನು ನಾನು ಎಂದೂ ನೋಡಿರಲಿಲ್ಲ. ಅಷ್ಟರಲ್ಲಿ ಡಾಕ್ಟರಬಾಯಿ ಕಾವೇರಿಯ ಹಾಲನ್ನು ಬಟ್ಟಲಿಗೆ ಹಿಂಡಿಸಿ, ಕೂಸನ್ನು ಎತ್ತಿ ಕೂರಿಸಿದಂತೆ ಹಿಡಿದು, ಚಮಚದಿಂದ ಹನಿಹನಿಯಾಗಿ ಬಾಯಿಗೆ ಬಿಟ್ಟರು. ಕೂಸು ನುಂಗಿತು.

"ಈ ತುಟಿಗೆ ಎದಿ ಚೀಪಾಕ ಬರೂದಿಲ್ರಿ. ಹಿಂಗ ಹಾಕ್ರಿ, ಛಲೋ ಬೆಳೀತಾಳ. ಆಮ್ಯಾಲ ತುಟಿ ಹೊಲಿಯೂಣು."

ಅವ್ವ ಆ ಚಮಚವನ್ನೇ ನೋಡುತ್ತಿದ್ದಳು.

"ಅಂವ ಎದಿ ಹಿಡೀಲಿಲ್ರಿ. ಗ್ರಹಣ ಹಿಡದ ಕೂಸು ಉಳಿಯೂದಿಲ್ಲ, ಬಿಡು ಅಂದ್ರು ಮನ್ಯಾಗ. ಎಂಟು ದಿನ ಅತ್ತ," ಎಂದಳು. ಆಮೇಲೆ ಡಾಕ್ಟರಬಾಯಿಯನ್ನು ಕೇಳಿದಳು: "ಅಂದ್ರ ಅಂವ ಹಸದು ಅಳತಿದ್ದನೇನ್ರಿ?"

ಅವ್ವ ಡಾಕ್ಟರಬಾಯಿಯ ಕೈಯಿಂದ ಚಮಚ ತೆಗೆದುಕೊಂಡು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ಕುಡಿಯೋ ನನ್ನ ಮಗನ, ಕುಡಿ," ಎನ್ನುತ್ತಾ ಹಾಲು ಬಿಡತೊಡಗಿದಳು. ಅದು ಹೆಣ್ಣು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.