ಹಲಗೆಯ ಮೇಲಿನ ಲೇತ್

ಬಟ್ಟೆ ಗಿರಣಿಯ ಊರಾದ ಮಹಲ್ಲಾದ ನಮ್ಮ ತಾಂತ್ರಿಕ ಶಾಲೆಯಲ್ಲಿ ಕಬ್ಬಿಣ ಕಡೆಯುವ ಯಂತ್ರ, ಲೇತ್, ಒಂದೇ ಒಂದು ಇತ್ತು. ಮೂರು ವರ್ಷ ಅದನ್ನು ನಾವು ಬೆರಳಲ್ಲೂ ಮುಟ್ಟಲಿಲ್ಲ.

ಪ್ಲಾಸ್ಟಿಕ್ ಹೊದಿಕೆ. ಅದರ ಸುತ್ತ ಹಗ್ಗ. ಹಗ್ಗಕ್ಕೆ ಅರಗಿನ ಮುದ್ರೆ. ಲೇತ್ ವಗ್ದಿ ಮೇಷ್ಟ್ರ ಸುಪರ್ದಿಯಲ್ಲಿತ್ತು. ಒಂದು ಗೀರು ಬಿದ್ದರೂ ಅವರ ಸಂಬಳಕ್ಕೆ ಕತ್ತರಿ.

"ಮೇಷ್ಟ್ರೇ, ಒಂದ್ಸಲ ತಿರುಗ್ಸಿ ತೋರ್ಸಿ," ಎಂದು ನಮ್ಮ ತರಗತಿಯ ಝೆನ್ಹುಮ್ ಗೋಗರೆಯುತ್ತಿದ್ದ.

"ನಿನ್ ಕೈಗೆ ಕೊಟ್ಟು ನನ್ ಮಕ್ಳ ಬಾಯಿಗೆ ಮಣ್ಣು ಹಾಕ್ಲಾ? ಹಲಗೆ ನೋಡಿ ಕಲಿ!"

ಹಲಗೆಯ ಮೇಲೆ ಅವರು ಸೀಮೆಸುಣ್ಣದಲ್ಲಿ ಲೇತ್ ಬರೆದಿದ್ದರು. ಕಂಬಿ ಹಿಡಿದು ತಿರುಗುವ ಚಕ್, ಚಕ್ಕನ್ನು ಬಿಗಿಯುವ ಕೀಲಿ. ಕೀಲಿಯನ್ನು ಚಕ್ಕಿಗೇ ಸಿಕ್ಕಿಸಿ ಬರೆದಿದ್ದರು. ನೀರಿಗಿಳಿಸದೆ ಈಜು ಕಲಿಸಿದ ಹಾಗೆ! ಝೆನ್ಹುಮ್ ಮಾತ್ರ ಆ ಚಿತ್ರವನ್ನು ಕಣ್ಣುಮುಚ್ಚಿಕೊಂಡು ಬರೆಯುತ್ತಿದ್ದ, ಕೀಲಿ ಸಮೇತ.

ಅವನ ತಾಯಿ ಹಮ್ದಿಯಾ ಚಿಕ್ಕಮ್ಮ ಗಿರಣಿ ಗೇಟಿನ ಹೊರಗೆ ಬೇಯಿಸಿದ ಕಾಳು ಮಾರುತ್ತಿದ್ದಳು. "ಇವ್ನು ಪಾಸಾದ್ರೆ ಗಿರಣಿ ಒಳಗೆ ಹೋಗ್ತಾನೆ. ನಾನಂತೂ ಗೇಟಾಚೆನೇ ಮುದುಕಿಯಾದೆ," ಎನ್ನುತ್ತಿದ್ದಳು.

ಕೊನೆಯ ಪರೀಕ್ಷೆಯ ದಿನ ಮುದ್ರೆ ಒಡೆದರು. ಮೊದಲ ಹೆಸರು ಝೆನ್ಹುಮನದು. ಕಂಬಿ ಇಟ್ಟ. ಕೀಲಿ ಹಾಕಿ ಬಿಗಿದ. ಓಡಿಸುವ ಮೊದಲು ಕೀಲಿ ತೆಗೆಯಬೇಕೆಂದು ನಮಗೆ ಯಾರು ಹೇಳಿದ್ದರು? ಚಿತ್ರದಲ್ಲಿದ್ದಂತೆ ಅಲ್ಲೇ ಬಿಟ್ಟು ಗುಂಡಿ ಒತ್ತಿದ.

ಕೀಲಿ ಹಾರಿ ಅವನ ಎಡಗಣ್ಣಿಗೆ ಬಡಿಯಿತು. ನಾವು ಅವನತ್ತ ಓಡಿದೆವು. ವಗ್ದಿ ಮೇಷ್ಟ್ರು ಲೇತ್ ನಿಲ್ಲಿಸಿ, ಚಕ್ ನೆಗ್ಗಿದೆಯೇ ಎಂದು ಸವರಿ ನೋಡುತ್ತಿದ್ದರು. ಥೂ!

ನಾಲ್ಕನೇ ದಿನ ತನಿಖೆ. ತನಿಖೆಯವರು ಬರುವ ಮೊದಲೇ ಮುಖ್ಯೋಪಾಧ್ಯಾಯರು ನಮ್ಮ ಮುಂದೆ ಒಂದು ಹಾಳೆ ಹಿಡಿದರು.

"ಮೂರು ವರ್ಷ ಲೇತ್ ಮೇಲೆ ತರಬೇತಿ ಕೊಟ್ಟಿದ್ದಾರೆ, ತಪ್ಪು ಝೆನ್ಹುಮನದೇ, ಅವ್ನು ಫೇಲು ಅಂತ ಬರ್ದಿದೆ. ಸಹಿ ಹಾಕಿ. ಹಾಕ್ದೇ ಇದ್ದೋರಿಗೆ ಡಿಪ್ಲೊಮಾ ಇಲ್ಲ."

ಬಾಗಿಲಲ್ಲಿ ಹಮ್ದಿಯಾ ಚಿಕ್ಕಮ್ಮ ನಿಂತಿದ್ದಳು. "ಕಣ್ಣಂತೂ ಹೋಯ್ತು ಸಾಹೇಬ್ರೇ. ಫೇಲೂ ಮಾಡ್ತೀರಾ?"

ಅವರು ಆಕೆಯತ್ತ ತಿರುಗಲೂ ಇಲ್ಲ. "ವಗ್ದಿ, ಮೊದ್ಲು ಆ ಹಲಗೆ ಒರೆಸ್ರೀ."

ಮೇಷ್ಟ್ರು ಒದ್ದೆ ಬಟ್ಟೆ ತಂದರು. ನಾನು ಎದ್ದು ಹಲಗೆಗೆ ಅಡ್ಡ ನಿಂತೆ.

"ಆ ಕೀಲಿ ಬರ್ದೋರು ನೀವೇ ಮೇಷ್ಟ್ರೇ."

"ಸರಿಯೋ, ದಮ್ಮಯ್ಯ. ನಂಗೂ ಮಕ್ಳಿದಾರೆ."

"ಝೆನ್ಹುಮನೂ ಒಬ್ರ ಮಗನೇ."

ಹಿಂದಿನ ಬೆಂಚಿನಿಂದ ಒಬ್ಬ ಬಂದ. ಆಮೇಲೆ ಇನ್ನೊಬ್ಬ. ಇಡೀ ತರಗತಿಯೇ ಎದ್ದು ಬಂತು.

"ಒರಗ್ಬೇಡ್ರೋ, ಬೆನ್ನು ತಾಗಿದ್ರೆ ಅಳಿಸ್ಹೋಗತ್ತೆ. ಒಂದು ಗೇಣು ಬಿಟ್ಟು ನಿಲ್ಲಿ," ಎಂದೆ.

ಅಂಗಳದಲ್ಲಿ ತನಿಖೆಯವರ ಕಾರು ನಿಂತ ಸದ್ದಾಯಿತು. ಮುಖ್ಯೋಪಾಧ್ಯಾಯರು ಕಿರುಚುತ್ತಲೇ ಇದ್ದರು. ಹಮ್ದಿಯಾ ಚಿಕ್ಕಮ್ಮ ನಮ್ಮ ನಡುವೆ ನುಗ್ಗಿ ಹಲಗೆಯ ಹತ್ತಿರ ಬಂದಳು.

"ಯಾವ್ದಪ್ಪಾ ಆ ಕೀಲಿ?"

ತೋರಿಸಿದೆ. ತುಂಬ ಹೊತ್ತು ನೋಡಿದಳು. ಆಮೇಲೆ ತಲೆವಸ್ತ್ರ ಬಿಗಿದುಕೊಂಡು ನನ್ನ ಪಕ್ಕ ನಿಂತಳು.

"ಬರ್ಲಿ. ಇದನ್ನ ನೋಡಿ, ನನ್ ಮುಖ ನೋಡಿ, ಆಮೇಲೆ ಫೇಲ್ ಮಾಡ್ಲಿ ನನ್ ಮಗನ್ನ."